ಸಾಲ ತೀರಿದ ಮನೆಗೆ ವಿಮೆ ಯಾಕ?

"ರೊಟ್ಟಿ ಬಡದು ಮನಿ ಕಟ್ಟಸ್ತಾಳಂತ. ಕಟ್ಟಸ್ಲಿ, ನೋಡೂಣು" ಎಂದು ಮೊದಲು ನಕ್ಕವರು ದುಂಡಸಿಯ ನನ್ನ ಭಾವ, ತೀರಿಹೋದ ಗಂಡನ ಅಣ್ಣ. ಎರಡನೆಯವನು ಮನೆ ಕಟ್ಟುವ ಗೌಂಡಿ. "ಪಾಯಾ ಅಷ್ಟ ಹಾಕೂಣ್ರಿ ಅಕ್ಕಾರ, ಮುಂದಿಂದು ಮುಂದ ನೋಡಿದ್ರಾತು" ಎಂದ. ನಾನು ಶಾಲೆಗೆ ಹೋದವಳಲ್ಲ. ರೊಟ್ಟಿ ಕಟ್ಟಿಕೊಡುವ ಹಳೇ ಪೇಪರಿನ ಮೇಲೆ ಅಕ್ಷರ ಕೂಡಿಸಿ ಓದಲು ಕಲಿತವಳು. ಆ ಚಟ ಇನ್ನೂ ಬಿಟ್ಟಿಲ್ಲ. ಕೈಗೆ ಬಂದ ಕಾಗದವನ್ನು ಓದದೆ ಕೆಳಗಿಡುವುದಿಲ್ಲ. ಮನೆಯ ವಿಮೆಯ ಕಾಗದ ಓದಿದ ದಿನದಿಂದ ನಮ್ಮ ಓಣಿಯಲ್ಲಿ ನಗುವ ಪ್ರಸಂಗಗಳಿಗೆ ಬರವೇ ಇಲ್ಲದಂತಾಗಿದೆ.

ಮನಿ ಯಾರದು?

ನಮ್ಮೂರು ಹಾನಗಲ್ಲಿನ ಬ್ಯಾಂಕಿನಲ್ಲಿ ಮನೆಸಾಲಕ್ಕೆ ಸಹಿ ಹಾಕುವ ದಿನ. ಸಾಹೇಬರು ಕಾಗದದ ಗಂಟನ್ನು ನನ್ನ ಮುಂದಿಟ್ಟು, ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ ಹಾಕಲು ಹೇಳಿದರು. ನಾನು ಓದತೊಡಗಿದೆ. ನನ್ನ ಹಿಂದೆ ಸಾಲು ಬೆಳೆಯಿತು.

"ಇದನ್ನೆಲ್ಲಾ ಯಾರೂ ಓದೂದಿಲ್ಲರಿ ಅಕ್ಕಾರ."

"ಅದಕ್ಕ ಇಷ್ಟ ಸಣ್ಣ ಅಕ್ಷರದಾಗ ಹಾಕೇರೇನ್ರಿ?"

ನಡುವೆ ಮನೆ ವಿಮೆ ಎಂಬ ಹಾಳೆ ಸಿಕ್ಕಿತು. "ಇದು ಸರ್ಕಾರದ ಕಾಯ್ದೆದಾಗ ಐತೇನ್ರಿ?" ಎಂದೆ.

"ಕಾಯ್ದೆದಾಗ ಇಲ್ಲರಿ. ನಮ್ಮ ಕರಾರದಾಗ ಐತಿ. ಸಾಲ ಇರೂತನಕ ಬೇಕ."

"ಕಂತು ಯಾರು ತುಂಬೂದು?"

"ನೀವು."

"ಮನಿ ಸುಟ್ರ ರೊಕ್ಕ ಯಾರಿಗೆ ಬರ್ತೈತಿ?"

"ಮೊದಲ ಬ್ಯಾಂಕಿಗೆ. ಸಾಲಕ್ಕ ಜಮಾ ಆಗಿ ಉಳದ್ರ ನಿಮಗ."

"ಹಂಗಾದ್ರ ವರ್ಷಾ ಸುಣ್ಣಾ ಹಚ್ಚಾಕ ನೀವ ಬರ್ತೀರೇನ್ರಿ?"

ಸಾಹೇಬರು ಚಹಾ ತರಿಸಿದರು. ನನಗಲ್ಲ, ತಮಗೆ.

ಮಾಸ್ತರರ ತಗಡು

ಪಕ್ಕದ ಮನೆಯವರು ಹಿರೇಕೆರೂರಿನ ಕಡೆಯಿಂದ ಬಂದು ಮನೆ ಕಟ್ಟಿಸಿದ ಮಾಸ್ತರರು. "ನಾ ಏನ್ ಹಂಗ ಸಾಲಾ ತಗೊಂಡಿಲ್ಲ, ಇನ್ಸೂರನ್ಸ್ ಮಾಡಿಸೇ ತಗೊಂಡೇನಿ" ಎಂದು ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳುತ್ತಿದ್ದರು. ಒಂದು ಬೇಸಿಗೆಯ ಗಾಳಿಗೆ ಅವರ ಮಾಳಿಗೆಯ ಮೇಲಿನ ತಗಡು ಹಾರಿ ಮೂರು ಮನೆ ದಾಟಿ ಬಿತ್ತು. ಮಾಸ್ತರರು ನಗುತ್ತಲೇ ಕಾಗದ ಹಿಡಿದು ನನ್ನ ಹತ್ತಿರ ಬಂದರು. ಹೆಂಡತಿಯೂ ಬಂದಳು.

ನಾನು ಪೂರ್ತಿ ಓದಿದೆ. "ಮಾಸ್ತರ, ಇದರಾಗ ತಗಡಿನ ಮಾತ ಇಲ್ರಿ. ಗ್ವಾಡಿ ಮಾತೂ ಇಲ್ಲ. ಸಾಲ ತೀರೂಕಿಂತ ಮೊದಲ ನೀವು ತೀರಿದ್ರ ಉಳದ ಸಾಲಾ ಅವ್ರು ತುಂಬ್ತಾರ. ಇದು ನಿಮ್ಮ ಜೀವದ ವಿಮೆ, ಮನೀದಲ್ಲ."

ಮಾಸ್ತರರು ನಂಬಲಿಲ್ಲ. ಫೋನ್ ಹಚ್ಚಿ ಕೇಳಿದರು. ಆ ಕಡೆಯ ಹುಡುಗಿಯೂ ಅದನ್ನೇ ಹೇಳಿದಳು, ಇನ್ನೂ ಮಧುರವಾಗಿ.

ಹೆಂಡತಿ ಒಮ್ಮೆ ಬೋಳು ಮಾಳಿಗೆಯನ್ನು ನೋಡಿದಳು, ಒಮ್ಮೆ ಗಂಡನನ್ನು. "ತಗಡ ಹಚ್ಚಾಕ ನಾನ ಹತ್ತತೇನಿ ಅಂತ ಮುಂಜಾನಿಂದ ಹಟಾ ಹಿಡದಿದ್ರಿ, ನಾನ ಬ್ಯಾಡ ಅಂದಿದ್ದೆ. ಹೋಗ್ರಿ, ಹತ್ರಿ" ಎಂದಳು.

ಮಾಸ್ತರರು ಮರುದಿನವೇ ಕೂಲಿಯವರನ್ನು ಕರೆಸಿದರು.

ಬೂದಗುಂಬಳ

ನನ್ನ ಸಾಲ ತೀರಿತು. ಮನೆಪತ್ರ ಮರಳಿ ಬಂತು. ಬ್ಯಾಂಕಿನವರು ಮಾಡಿಸಿದ್ದ ವಿಮೆಯ ಅವಧಿಯೂ ಅಲ್ಲಿಗೆ ಮುಗಿಯಿತು. ಹೊಸದನ್ನು ನಾನೇ ಮಾಡಿಸುತ್ತೇನೆ ಎಂದಾಗ ಭಾವನವರು ದುಂಡಸಿಯಿಂದ ಬಸ್ ಹತ್ತಿ ಬಂದರು.

"ಸಾಲಾ ಹೋತಲ್ಲ, ಇನ್ಯಾಕ ವಿಮೆ? ಬಾಗಲಕ್ಕ ಬೂದಗುಂಬಳ ಕಟ್ಟೀದಿ, ಸಾಕು."

"ಬೆಂಕಿ ಬರೂಮುಂದ ಸಾಲ ಐತೇನು ಅಂತ ಕೇಳಿ ಬರ್ತೈತೇನ್ರಿ? ನಿಮ್ಮ ಬೈಕಿಗೂ ನಿಂಬಿಹಣ್ಣ ಕಟ್ಟೀರಿ. ಅದಕ್ಕ್ಯಾಕ ವಿಮೆ ಮಾಡ್ಸೀರಿ?"

"ಅದಕ್ಕ ಪೊಲೀಸ್ರು ಹಿಡೀತಾರಲ್ಲ!"

ಅಪಘಾತಕ್ಕೆ ನಿಂಬೆಹಣ್ಣು, ಪೊಲೀಸರಿಗೆ ವಿಮೆ. ಭಾವನವರ ಲೆಕ್ಕ ಪಕ್ಕಾ ಇತ್ತು.

ವಿಮೆ ಮಾಡಿಸಲು ಬಂದ ಸವಣೂರಿನ ಏಜೆಂಟ್ ಇನ್ನೂ ಧಾರಾಳಿ. ಜಾಗದ ಬೆಲೆಯನ್ನೂ ಸೇರಿಸಿ ದೊಡ್ಡ ಮೊತ್ತ ಬರೆಯತೊಡಗಿದ. "ತಮ್ಮಾ, ಮಣ್ಣಿಗೆ ಬೆಂಕಿ ಹತ್ತಿದ್ದ ಎಲ್ಲಿ ನೋಡೀಪಾ?" ಎಂದೆ. ಹೊಡೆದು ಹಾಕಿ, ಕಟ್ಟಡಕ್ಕಷ್ಟೇ ಬರೆದ. ಮುಂದಿನ ವರ್ಷದಿಂದ ನಮ್ಮ ಓಣಿಗೆ ಬಂದಾಗಲೆಲ್ಲ ಆತ ಮೊದಲು ನಾನು ಮನೆಯಲ್ಲಿ ಇದ್ದೇನೋ ಇಲ್ಲವೋ ವಿಚಾರಿಸಿಕೊಳ್ಳುತ್ತಿದ್ದ. ಇಲ್ಲ ಎಂದರಷ್ಟೇ ಓಣಿಯೊಳಗೆ ಕಾಲಿಡುತ್ತಿದ್ದ.

ಸರ್ವೇಯರ್ ಬಂದ ದಿನ

ಆ ವಿಮೆ ಮಾಡಿಸಿದ ಎರಡು ವರ್ಷಕ್ಕೆ ಅದರ ಕೆಲಸ ಬಿತ್ತು. ಮಳೆಗಾಲದಲ್ಲಿ ಹಿತ್ತಲಲ್ಲಿ ನೀರು ನಿಂತು, ರೊಟ್ಟಿ ಒಲೆಯ ಹಿಂದಿನ ಗೋಡೆ ಪೂರ್ತಿ ಕುಸಿಯಿತು. ಒಲೆ ಉರಿಯದಿದ್ದರೆ ನನ್ನ ಅನ್ನವೇ ನಿಂತಂತೆ. ಕಂಪನಿಗೆ ಫೋನ್ ಮಾಡಿದೆ. "ನಾಳೆ ಸರ್ವೇಯರ್ ಬರ್ತಾರ. ಅಲ್ಲೀಮಟ ಏನೂ ಮುಟ್ಟಬ್ಯಾಡ್ರಿ" ಎಂದರು.

ಮರುದಿನ ಮುಂಜಾನೆ ಶಿಗ್ಗಾವಿಯ ಒಂದು ಮದುವೆಮನೆಗೆ ಮೊದಲೇ ಬಡಿದು ಒಣಗಿಸಿಟ್ಟ ಕಟಕ ರೊಟ್ಟಿ ಮುಟ್ಟಿಸುವುದಿತ್ತು. ಹೊರಡುವಾಗ, ನನ್ನ ಜೊತೆಗೇ ಇರುವ ಅತ್ತೆಗೆ, "ಆಫೀಸರ್ ಬರ್ತಾರ, ಕೂಡಸ್ರಿ" ಎಂದಷ್ಟೇ ಹೇಳಿದೆ. ಸಣ್ಣ ಅಕ್ಷರವನ್ನೂ ಬಿಡದೆ ಓದುವ ನಾನು, ಮುಖ್ಯವಾದ ಮಾತನ್ನೇ ಹೇಳುವುದನ್ನು ಮರೆತೆ.

ಮಧ್ಯಾಹ್ನ ತಿರುಗಿ ಬಂದರೆ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದಾರೆ. ಅಡುಗೆಮನೆ ಥಳಥಳ. ಗೋಡೆ ಇದ್ದ ಜಾಗದಲ್ಲಿ ಮಾಸ್ತರರ ಮನೆಯ ಹೊಸ ಜಮಖಾನ ಇಳಿಬಿಟ್ಟಿದ್ದಾರೆ. ಓಣಿಯ ಹೆಂಗಸರೆಲ್ಲ ಸೆರಗು ಸಿಗಿಸಿಕೊಂಡು ಅತ್ತೆಯ ಜೊತೆ ನಿಂತಿದ್ದಾರೆ. ಆಫೀಸರ್ ಬರುವ ಮನೆ ಹಾಳು ಬಿದ್ದಂತೆ ಇರಬಾರದಲ್ಲ! ಸರ್ವೇಯರ್ ಕುರ್ಚಿಯಲ್ಲಿ ಕುಳಿತು ಎರಡನೇ ಸಲ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು.

"ಬರ್ರಿ ಅಕ್ಕಾರ. ಹಾನಿ ಎಲ್ಲೈತ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಮುಗಿದರು. "ನಮ್ಮನ್ಯಾಗ ಹಾನಿ ಏನೂ ಇಲ್ರೀ ಸಾಹೇಬ್ರ. ದೇವ್ರು ಛಲೋ ಇಟ್ಟಾನ."

ನಾನು ಓಡಿಹೋಗಿ ಜಮಖಾನ ಸರಿಸಿದೆ. ಆಚೆಯಿಂದ ಹಿಂದಿನ ಮನೆಯ ಎಮ್ಮೆ ಒಳಗೆ ಇಣುಕಿತು.

ಸರ್ವೇಯರ್ ತಟ್ಟೆ ಕೆಳಗಿಟ್ಟರು. "ಗ್ವಾಡಿ ಇಲ್ಲ ಅನ್ನೂದು ಕಾಣ್ತೈತಿ. ಆದ್ರ ಬಿತ್ತೋ, ನೀವ ಕೆಡವೀರೋ ಹೆಂಗ ತಿಳೀಬೇಕು? ಬಿದ್ದ ಇಟ್ಟಂಗಿ ಎಲ್ಲಿ?"

"ಓಣಿ ತಗ್ಗಿನ್ಯಾಗ ಹಾಕೇವ್ರಿ" ಎಂದರು ಅತ್ತೆ. "ಇಲ್ಲಾಂದ್ರ ನಿಮ್ಮ ಗಾಡಿ ರಾಡ್ಯಾಗ ಹುಗೀತಿತ್ತು."

"ಅಂದ್ರ ನಾ ಗ್ವಾಡಿ ಮ್ಯಾಲ ಗಾಡಿ ಹಾಯಿಸ್ಕೊಂಡ ಬಂದೇನಿ?"

"ಹೂಂನ್ರಿ. ಛಲೋ ಆಗೈತಿಲ್ರಿ?"

ಎಲ್ಲರೂ ಮೆರವಣಿಗೆಯಂತೆ ಓಣಿಗೆ ಬಂದೆವು. ಸರ್ವೇಯರ್ ತಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಲೆಯ ಮಸಿ ಹತ್ತಿದ ಇಟ್ಟಂಗಿಗಳ ಫೋಟೋ ಹೊಡೆದರು. ಅಳತೆಗೆಂದು ನಾಲ್ಕು ಇಟ್ಟಂಗಿ ಕಿತ್ತರೋ ಇಲ್ಲವೋ, ಹೆಂಗಸರು ಅಡ್ಡ ನಿಂತರು. "ಅಲ್ಲೇ ಇರ್ಲಿ ಬಿಡ್ರಿ. ಈ ತಗ್ಗು ತುಂಬ್ರಿ ಅಂತ ಅರ್ಜಿ ಕೊಟ್ಟೂ ಕೊಟ್ಟೂ ನಮ್ಮ ಕಾಲ ಸವದಾವು. ಮತ್ತೊಮ್ಮಿ ಯಾರದರ ಗ್ವಾಡಿ ಬೀಳೂತನಕ ಕಾಯೂಣೇನು?"

ವಿಮೆಯ ರೊಕ್ಕ ಬಂತು, ಸ್ವಲ್ಪ ಹಿಡಿದುಕೊಂಡು. ಕಾಗದದಲ್ಲಿ ಕಾರಣವನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಹಳೆಯ ಇಟ್ಟಿಗೆ ಮರುಬಳಕೆಯಾಗಿದೆ.

ಈಗ ನನ್ನ ಹೆಸರಿನಲ್ಲಿ ಎರಡು ಖೋಲಿ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಹೊಸ ಗೋಡೆ, ಜೊತೆಗೆ ಹಾನಗಲ್ಲಿನಲ್ಲಿ ನಾಲ್ಕು ಮಾರು ರಸ್ತೆ ಇವೆ. ಬೆಲೆ: ಹದಿನಾರು ವರ್ಷದ ರೊಟ್ಟಿ, ಎರಡೂ ಅಂಗೈಯ ಚರ್ಮ, ಮತ್ತು ಒಂದು ಹಳೇ ಗೋಡೆ.