ಎ.ಸಿ. ಬಕೆಟ್ಟಿನಲ್ಲಿ ತೇಲಿದ ಗೆರಟೆ

ಅಥವಾ ಅದು ಶುಕ್ರವಾರವೇ ಅಲ್ಲದಿರಬಹುದು. ಶುಕ್ರವಾರ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಈ ಕಥೆಯಲ್ಲಿ ನಾನು ಮಧ್ಯಾಹ್ನದ ನಿದ್ದೆಯಿಂದ ಏಳಬೇಕು, ದುಬೈಯಲ್ಲಿ ನನಗೆ ಮಧ್ಯಾಹ್ನದ ನಿದ್ದೆ ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಕಥೆಗೆ ಬೇಕೆಂದು ವಾರವನ್ನೇ ಬದಲಾಯಿಸಿದವನು ಇನ್ನೇನೇನು ಬದಲಾಯಿಸಿದ್ದಾನೋ ಎಂದು ನೀವು ಅನುಮಾನಿಸಿದರೆ ತಪ್ಪಿಲ್ಲ. ಆ ಅನುಮಾನ ನನಗೂ ಇದೆ. ಆದರೆ ಇಷ್ಟು ಮಾತ್ರ ಖಚಿತ: ಕರಾಮದ ಎರಡನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ನಾನು ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಕಾರ್ಪೆಟ್ಟು ‘ಪಚಕ್’ ಎಂದಿತು. ಆ ಪಚಕ್‌ನಿಂದ ಒಬ್ಬ ಸಂಶೋಧಕ ಹುಟ್ಟಿದ. ಅವನು ನಾನು. ಈ ವಿಷಯದಲ್ಲಿ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಉದ್ದೇಶವೂ ಇಲ್ಲ.

ನೀರು ಬಂದದ್ದು ಎ.ಸಿ.ಯಿಂದ. ಆ ಊರಿನ ಬೇಸಿಗೆಯ ಗಾಳಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಬಹುದು. ಕಿಟಕಿಯಲ್ಲಿ ಕೂತ ಎ.ಸಿ. ದಿನವಿಡೀ ಮಾಡುತ್ತಿದ್ದದ್ದು ಅದನ್ನೇ. ಹಿಂಡಿದ ನೀರು ಮೊದಲು ಹೊರಗೆ, ಫುಟ್‌ಪಾತಿನಲ್ಲಿ ನಡೆಯುವವರ ತಲೆಯ ಮೇಲೆ ಬೀಳುತ್ತಿತ್ತು. ಒಂದು ದಿನ ಕಟ್ಟಡದ ಕಾವಲುಗಾರ, ಅಲ್ಲಿಯ ಮಾತಿನಲ್ಲಿ ನಾತೂರ್, ಬಂದು ಪೈಪನ್ನು ಒಳಕ್ಕೆ ತಿರುಗಿಸಿ, “ಬಾಹರ್ ಪಾನಿ ಮಾಫಿ. ಖಲಾಸ್”, ಹೊರಗೆ ನೀರು ಬೀಳಕೂಡದು, ಮುಗಿಯಿತು, ಎಂದು ತೀರ್ಪು ಕೊಟ್ಟು ಹೋದ. ಅಂದಿನಿಂದ ಪೈಪಿನ ಕೆಳಗೆ ಒಂದು ನೀಲಿ ಬಕೆಟ್ಟು. ನಾಲ್ಕು ಗಂಟೆಗೊಮ್ಮೆ ಅದು ತುಂಬುತ್ತಿತ್ತು. ನನ್ನ ಹೆಂಡತಿ ಶಾಲಿನಿ ಉಡುಪಿ ಕಡೆಯವಳು, ನೀರು ಚೆಲ್ಲುವುದನ್ನು ಸಹಿಸದವಳು. ಬಾಲ್ಕನಿಯಲ್ಲಿ ಖಾಲಿ ಪೇಂಟ್ ಡಬ್ಬದಲ್ಲಿ ಬಸಳೆ ಬೆಳೆಸಿದ್ದಳು. ಮರುಭೂಮಿಯ ಗಾಳಿಯಿಂದ ಹಿಂಡಿದ ನೀರು ಬಸಳೆಗೆ ಹೋಗಿ, ಬಸಳೆ ಹುಳಿಯಾಗಿ ನನ್ನ ತಟ್ಟೆಗೆ ಬರುತ್ತಿತ್ತು. ಎಷ್ಟೋ ಸಲ ಇದು ನನಗೆ ಅದ್ಭುತ ಎನಿಸುತ್ತಿತ್ತು. ಬಕೆಟ್ ಖಾಲಿ ಮಾಡುವುದು ಮಾತ್ರ ಹಾಗೆ ಎನಿಸುತ್ತಿರಲಿಲ್ಲ.

ಇಲ್ಲಿ ನಾಚಿಕೆಯ ಸಂಗತಿಯೊಂದನ್ನು ಹೇಳಬೇಕು. ನನ್ನ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ, ದೊಡ್ಡ ದೊಡ್ಡ ಕಟ್ಟಡಗಳಿಗೆ ತಣ್ಣನೆ ಗಾಳಿ ಒಯ್ಯುವ ತಗಡಿನ ಕೊಳವೆಗಳ ನಕ್ಷೆ ಬರೆಯುವುದು. ಹೋಟೆಲುಗಳ ಇಪ್ಪತ್ತು ಮಹಡಿ ತಂಪು ಮಾಡುವವನ ಮನೆಯಲ್ಲಿ ಕಾರ್ಪೆಟ್ಟು ಪಚಕ್ ಎನ್ನುತ್ತದೆ. ಅದು ಮೂರು ವಾರ ನಾರಿತು. “ಮೈಸೂರಿನವರಿಗೆ ನೀರು ನಿಲ್ಲಿಸಲಿಕ್ಕೆ ಬರ್ತದಂತೆ, ಅಣೆಕಟ್ಟು ಎಲ್ಲ ಉಂಟಲ್ಲ” ಎಂದು ನನ್ನ ಊರನ್ನು ಎಳೆದಳು ಶಾಲಿನಿ, “ನೀವು ಒಂದು ಬಕೆಟ್ಟು ನಿಲ್ಲಿಸಿ ನೋಡುವಾ.”

ನಾನು ನಿಲ್ಲಿಸಿದೆ. ಬಕೆಟ್ ತುಂಬಿದಾಗ ತಾನೇ ಕೂಗಿ ಹೇಳಬೇಕು, ಅಷ್ಟೇ ತಾನೆ? ನೀರಿನ ಮೇಲೆ ತೇಲುವ ಒಂದು ವಸ್ತು. ಅದು ಏರಿದಂತೆ ಏತದ ಹಾಗೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಗುವ ಪಟ್ಟಿ. ಕೆಳಗೆ ಹೋದ ತುದಿ ಒಂದು ಗುಂಡಿಯನ್ನು ಒತ್ತಿದರೆ ಗಂಟೆ. ಪಟ್ಟಿಗೆ ಮಗಳ ಅಡಿಕೋಲು ತೆಗೆದುಕೊಂಡೆ. ತೇಲುವ ವಸ್ತುವಿಗೆ ಥರ್ಮೋಕೋಲು ನೋಡಿದೆ, ಪಿಂಗ್‌ಪಾಂಗ್ ಚೆಂಡು ನೋಡಿದೆ. ಕೊನೆಗೆ ಬಕೆಟ್ಟಿನ ಬಳಿಯೇ ಇದ್ದ ಒಂದು ಅರ್ಧ ತೆಂಗಿನ ಚಿಪ್ಪು, ಶಾಲಿನಿಯ ಮಾತಿನಲ್ಲಿ ಗೆರಟೆ, ಕಣ್ಣಿಗೆ ಬಿತ್ತು. ಅದು ಅಲ್ಲಿ ಏಕಿತ್ತು ಎಂದು ನಾನು ಕೇಳಿಕೊಳ್ಳಲಿಲ್ಲ. ಸಂಶೋಧಕರು ಅಂಥ ಪ್ರಶ್ನೆಗಳಲ್ಲಿ ಕಾಲ ಕಳೆಯುವುದಿಲ್ಲ.

ಗಂಟೆಗಾಗಿ ಕೆಳಗಿನ ಹಮೀದಾಕನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋದೆ. ಹಮೀದಾಕ ಬಂಟ್ವಾಳದ ಬ್ಯಾರಿ. ಮನೆಯವರೊಡನೆ ಬ್ಯಾರಿ, ಶಾಲಿನಿಯೊಡನೆ ತುಳು, ನನ್ನೊಡನೆ ಕನ್ನಡ, ಗಿರಾಕಿಯೊಡನೆ ಯಾವುದು ಬೇಕೋ ಅದು ಮಾತಾಡುವವನು. ಅವನಲ್ಲಿದ್ದದ್ದು ಒಂದೇ ಒಂದು ಡೋರ್ ಬೆಲ್. ಒತ್ತಿದರೆ ಮೊದಲು ಹಕ್ಕಿಯೊಂದು ಚಿಲಿಪಿಲಿ ಎನ್ನುತ್ತದೆ, ಆಮೇಲೆ ಒಬ್ಬ ಹೆಂಗಸು ಅತಿ ವಿನಯದಿಂದ “ಕೃಪಯಾ ದರ್ವಾಜಾ ಖೋಲಿಯೇ” ಎಂದು ಬಾಗಿಲು ತೆಗೆಯಲು ಬೇಡಿಕೊಳ್ಳುತ್ತಾಳೆ.

“ಹೆಂಗಸು ಇಲ್ಲದ್ದು ಇಲ್ಲವಾ?” ಎಂದೆ.

“ಹೆಂಗಸು ಇಲ್ಲದ್ದು ಎಂತಕ್ಕೆ ಮಾರಾಯ್ರೆ, ಹೆಂಗಸಿನ ಮಾತು ಯಾರಾದ್ರೂ ಕೇಳದೆ ಇರ್ತಾರಾ?” ಎಂದ ಹಮೀದಾಕ.

ಹೀಗೆ ನಮ್ಮ ಬಕೆಟ್ಟು ನಾಲ್ಕು ಗಂಟೆಗೊಮ್ಮೆ ಬಾಗಿಲು ತೆಗೆಯಿರಿ ಎನ್ನತೊಡಗಿತು. ಮೊದಲ ವಾರ ನಾವು ಮೂವರೂ ಎದ್ದು ಹೋಗಿ ಬಾಗಿಲು ತೆಗೆದು ಖಾಲಿ ಕಾರಿಡಾರನ್ನು ನೋಡಿ ಬರುತ್ತಿದ್ದೆವು. ಎದುರು ಫ್ಲ್ಯಾಟಿನ ಮಲಯಾಳಿ ಅಜ್ಜಿಯೂ ತೆಗೆಯುತ್ತಿದ್ದರು. ಅಜ್ಜಿಗೂ ನಮಗೂ ಭಾಷೆ ಬಾರದೆಯೇ ಗಾಢವಾದ ಸ್ನೇಹ ಬೆಳೆಯಿತು. ಆದರೆ ಕಾರ್ಪೆಟ್ಟು ಮತ್ತೆ ಒದ್ದೆಯಾಗಲಿಲ್ಲ. ಒಂದು ಹನಿಯೂ ಇಲ್ಲ.

ಆಗ ನಾನು ಎಷ್ಟು ಉಬ್ಬಿದೆ ಎಂದರೆ, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿದ್ದ ಶಾಲಿನಿಯ ಅಣ್ಣ ಊಟಕ್ಕೆ ಕರೆದಾಗ ಬಕೆಟ್ಟು, ಗೆರಟೆ, ಗಂಟೆ ಸಮೇತ ಕಾರಿನಲ್ಲಿ ಹೋದೆ. ಪಾಯಸಕ್ಕೆ ಮೊದಲು ಪ್ರದರ್ಶನ ಇಟ್ಟೆ. ಭಾವ ಎಲ್ಲವನ್ನೂ ಸಾವಧಾನವಾಗಿ ನೋಡಿ, “ನಮ್ಮ ಬಿಲ್ಡಿಂಗಿನಲ್ಲಿ ಸೆಂಟ್ರಲ್ ಎ.ಸಿ. ಭಾವ, ಬಕೆಟ್ಟು ಬೇಕಾಗುವುದಿಲ್ಲ” ಎಂದರು. ನನಗೆ ಅವರ ಮೇಲೆ ಕನಿಕರ ಹುಟ್ಟಿತು. ಸೆಂಟ್ರಲ್ ಎ.ಸಿ. ಇರುವವರು ಏನನ್ನೂ ಕಂಡುಹಿಡಿಯಲಾರರು.

ಪೇಟೆಂಟಿನ ಮಾತು ತೆಗೆದವನು ಹಮೀದಾಕ. “ಬೇಗ ಪೇಟೆಂಟ್ ಮಾಡಿ ಮಾರಾಯ್ರೆ. ಇಲ್ಲದಿದ್ದರೆ ನಾಡಿದ್ದು ಇದೇ ಸಾಮಾನು ಚೈನಾದಿಂದ ನನ್ನ ಅಂಗಡಿಗೇ ಬರ್ತದೆ, ನಾನು ನಿಮಗೇ ಮಾರ್ತೇನೆ.” ಇದು ನಮ್ಮ ಐದನೇ ಕ್ಲಾಸಿನ ಮಗಳು ಅನಘಾಳ ಕಿವಿಗೆ ಬಿತ್ತು. ಮುಂದಿನ ಶನಿವಾರ ಅವಳ ಶಾಲೆಯಲ್ಲಿ ಮಕ್ಕಳು ಒಂದೊಂದು ಆವಿಷ್ಕಾರದ ಬಗ್ಗೆ ವೇದಿಕೆ ಹತ್ತಿ ಮಾತಾಡಬೇಕಿತ್ತು. ಬೇರೆಯವರು ಬಲ್ಬು, ವಿಮಾನ, ಟೆಲಿಫೋನು ಹಂಚಿಕೊಂಡಿದ್ದರು. ಇವಳು ಎದ್ದು ನಿಂತು, “ಮಿಸ್, ಮೈ ಫಾದರ್ ಈಸ್ ಆ್ಯನ್ ಇನ್ವೆಂಟರ್” ಎಂದು ಬಿಟ್ಟಿದ್ದಳು. ಮಿಸ್ ಪಟ್ಟಿಯಲ್ಲಿ ಬರೆದುಕೊಂಡೂ ಆಗಿತ್ತು. ಮನೆಗೆ ಬಂದು ಅವಳು ಹೇಳಿದಾಗ ನನ್ನ ಎದೆ ಎಷ್ಟು ಹಿಗ್ಗಿತೋ ಅಷ್ಟೇ ಜೋರಾಗಿ ಹೊಡೆದುಕೊಂಡಿತು. ಶನಿವಾರದೊಳಗೆ ನಾನು ನಿಜವಾಗಿಯೂ ಸಂಶೋಧಕನಾಗಿರಬೇಕಿತ್ತು.

ಅವಳ ಚಾರ್ಟಿಗೆ ಪೇಟೆಂಟಿನ ಹಾಗೆಯೇ ಒಂದು ನಕ್ಷೆ ಬರೆದುಕೊಡೋಣ ಎಂದುಕೊಂಡು, ಬುಧವಾರ ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ಅಮೆರಿಕನ್ ಪೇಟೆಂಟುಗಳನ್ನು ಹುಡುಕತೊಡಗಿದೆ. ಅಲ್ಲಿ ಒಂದು ಲೋಕವೇ ಇತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮನುಷ್ಯರಿಗೆ ಬೇರೆ ಕೆಲಸವೇ ಇರಲಿಲ್ಲವೋ ಏನೋ. ತೊಟ್ಟಿಲನ್ನು ತಾನೇ ತೂಗುವ ಯಂತ್ರ, ಚಹಾ ಕುಡಿಯುವಾಗ ಮೀಸೆ ನೆನೆಯದಂತೆ ಕಾಯುವ ತಗಡು, ಏಳದವನನ್ನು ಮಂಚದಿಂದ ಕೆಳಗೆ ಉರುಳಿಸುವ ಗಡಿಯಾರ, ಬೇಯಿಸಿದ ಮೊಟ್ಟೆಯ ತಲೆ ಹಾರಿಸುವ ಕತ್ತರಿ. ಒಂದೊಂದಕ್ಕೂ ಎಷ್ಟು ಚಂದದ ಗೆರೆಗಳ ಚಿತ್ರ! ಒಂದೊಂದರ ಕೆಳಗೂ, ಸಕಲರಿಗೂ ತಿಳಿದಿರಲಿ, ಇಂಥ ಊರಿನ ಇಂಥವನಾದ ನಾನು ಇಂಥದೊಂದು ಹೊಸ ಹಾಗೂ ಉಪಯುಕ್ತ ಸುಧಾರಣೆಯನ್ನು ಮಾಡಿದ್ದೇನೆ ಎಂಬ ಧಾಟಿಯ ಘೋಷಣೆ, ಶಿಲಾಶಾಸನದ ಗತ್ತಿನಲ್ಲಿ. ಮೀಸೆಯ ತಗಡಿಗೆ! ಆ ಗತ್ತು ನನಗೆ ಬಹಳ ಹಿಡಿಸಿತು. ಇವರು ನನ್ನ ಜನ ಎನಿಸಿತು.

ಆಮೇಲೆ ಆ ಪುಟ ತೆರೆಯಿತು. ಆಗಿನ ಇಂಟರ್ನೆಟ್ಟಿನಲ್ಲಿ ಚಿತ್ರ ಒಮ್ಮೆಗೇ ಬರುತ್ತಿರಲಿಲ್ಲ, ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಒಂದು ಗಂಟೆ ಇಳಿಯಿತು. ಚಂದ ಇದೆ ಎಂದುಕೊಂಡೆ. ಗಂಟೆಯ ಕೆಳಗೆ ಒಂದು ಪಟ್ಟಿ ಇಳಿಯಿತು. ನಾನು ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ವಾಪಸ್ಸಿಟ್ಟೆ. ಪಟ್ಟಿಯ ತುದಿಯಿಂದ ಒಂದು ಕಡ್ಡಿ ಕೆಳಗೆ, ಕೆಳಗೆ, ಕೆಳಗೆ ಬಂದು, ಕೊನೆಯಲ್ಲಿ ಒಂದು ತೇಲುವ ಬೆಂಡು. ಬೆಂಡಿನ ಸುತ್ತ ನೀರಿನ ಅಲೆಗಳು. ಅಲೆಗಳ ಸುತ್ತ ಒಂದು ತಟ್ಟೆ. ಅದು ಫ್ರಿಜ್ ಬರುವ ಮೊದಲಿನ, ಮಂಜುಗಡ್ಡೆ ತುಂಬಿಡುವ ಮರದ ಪೆಟ್ಟಿಗೆಗಳ ಕಾಲ. ಗಡ್ಡೆ ಕರಗಿ ನೀರು ಪೆಟ್ಟಿಗೆಯ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತಿತ್ತು, ತಟ್ಟೆ ತುಂಬಿದರೆ ಅಡುಗೆಮನೆ ಒದ್ದೆ. ಅದು ತುಂಬುವ ಮೊದಲೇ ಗಂಟೆ ಬಾರಿಸುವ ಸಾಧನ ಇದು. ನನ್ನ ಸಾಧನ. ಗೆರಟೆಯ ಬದಲು ಬೆಂಡು, ಹಿಂದಿ ಹೆಂಗಸಿನ ಬದಲು ಹಿತ್ತಾಳೆಯ ಗಂಟೆ, ಉಳಿದದ್ದೆಲ್ಲ ನನ್ನದೇ. ಅಡಿಕೋಲು ಜಾರದಂತೆ ನಾನು ಹಾಕಿದ್ದ ಸಣ್ಣ ಕೊಕ್ಕೆ ಕೂಡ ಅಲ್ಲಿತ್ತು, ಅದಕ್ಕೊಂದು ಅಂಕಿ ಕೊಟ್ಟಿದ್ದರು.

ಹತ್ತು ನಿಮಿಷ ನಾನು ಸತ್ತಂತೆ ಕೂತಿದ್ದೆ ಎಂದು ಬರೆದರೆ ಕಥೆಗೆ ಶೋಭೆ. ನಿಜವಾಗಿ ಎರಡು ನಿಮಿಷ ಇರಬಹುದು. ಆಮೇಲೆ ನನ್ನೊಳಗೆ ಏರಿದ್ದು ಇನ್ನೊಂದು ಬಗೆಯ ಹೆಮ್ಮೆ, ಮೊದಲಿನದಕ್ಕಿಂತ ದೊಡ್ಡದು. ನೂರು ವರ್ಷ ಹಿಂದೆ, ನಾನು ಕಾಣದ ಊರಿನಲ್ಲಿ, ಒದ್ದೆ ನೆಲದ ಮೇಲೆ ಕಾಲಿಟ್ಟ ಒಬ್ಬಾತ ನಾನು ಯೋಚಿಸಿದ್ದನ್ನೇ ಯೋಚಿಸಿದ್ದ, ಕೊಕ್ಕೆ ಸಮೇತ. ಸರ್ಕಾರವೊಂದು ಅದನ್ನು ಓದಿ, ಹೌದು, ಇದು ಹೊಸದು, ಇದು ಉಪಯುಕ್ತ ಎಂದು ಮೊಹರು ಒತ್ತಿತ್ತು. ಅಂದರೆ ನನ್ನ ಯೋಚನೆಗೆ ಮೊಹರು ಬಿದ್ದಿತ್ತು. ನಾನು ಹುಟ್ಟುವುದು ಸ್ವಲ್ಪ ತಡವಾಗಿತ್ತು, ಅಷ್ಟೆ. ಎರಡು ಹಾಳೆ ಪ್ರಿಂಟ್ ತೆಗೆದು ಮಡಚದೆ ಮನೆಗೆ ತಂದೆ.

ಹಮೀದಾಕ ನೋಡಿ, “ಇದರ ಅವಧಿ ಯಾವಾಗಲೋ ಮುಗಿದಿರ್ತದೆ. ಸತ್ತವ ಬಂದು ಕೇಸು ಹಾಕ್ತಾನಾ? ಸುಮ್ಮನೆ ಇರಿ” ಎಂದ. ಆದರೆ ವೇದಿಕೆ ಹತ್ತುವವಳು ಅನಘಾ. ಅವಳನ್ನು ಕೂರಿಸಿ ಪೇಟೆಂಟಿನ ಚಿತ್ರ, ನಾನು ಬರೆದ ನಕ್ಷೆ ಎರಡನ್ನೂ ತೋರಿಸಿದೆ.

“ಸೋ ಯೂ ಕಾಪೀಡ್?” ಎಂದಳು.

“ಇಲ್ಲ ಪುಟ್ಟಾ, ನಾನಿದನ್ನು ನೋಡಿದ್ದೇ ನಿನ್ನೆ.”

“ದೆನ್ ಹೀ ಕಾಪೀಡ್?”

“ಅವನು ನೂರು ವರ್ಷ ಹಿಂದಿನವನು.”

ಅವಳು ಎರಡೂ ಹಾಳೆಗಳನ್ನು ಪಕ್ಕಪಕ್ಕ ಜೋಡಿಸಿದಳು. ಶನಿವಾರಕ್ಕೆ ಎರಡೇ ದಿನ. ಅಳುತ್ತಾಳೆ ಎಂದುಕೊಂಡೆ. “ಓಕೆ,” ಎಂದಳು, “ಐ ವಿಲ್ ಟೇಕ್ ಬೋತ್. ಬಟ್ ಅಪ್ಪಾ, ಅವನದರ ಕೆಳಗೆ ಸೈನ್ ಇದೆ. ನಿನ್ನದರಲ್ಲಿ ಇಲ್ಲ.”

ನಿಜ. ಹಳೆಯ ಪೇಟೆಂಟುಗಳ ಕೆಳಗೆ ಸಂಶೋಧಕನ ಸಹಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಇರುತ್ತದೆ. ಇದರಲ್ಲಿ ಒಬ್ಬ ಸಾಕ್ಷಿ ಹೆಂಗಸು. ಅವಳ ಮನೆತನದ ಹೆಸರೂ ಸಂಶೋಧಕನದೂ ಒಂದೇ. ಹೆಂಡತಿಯೋ ತಂಗಿಯೋ. ನಾನು ನನ್ನ ನಕ್ಷೆಯ ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ. ಹಮೀದಾಕ ಅಂಗಡಿಯ ಕೌಂಟರಿನ ಮೇಲೆ, ಬಿಸ್ಮಿಲ್ಲಾ ಎಂದು, ಮೊದಲ ಸಾಕ್ಷಿಯಾದ. ಎರಡನೆಯದಕ್ಕೆ ಹಾಳೆಯನ್ನು ಶಾಲಿನಿಯ ಮುಂದಿಟ್ಟೆ. ಅವಳು ಬಸಳೆ ಸೋಸುತ್ತಿದ್ದಳು.

“ನಾನು ಸಾಕ್ಷಿ ಎಂತಕ್ಕೆ?” ಎಂದಳು. “ಬಕೆಟ್ಟಿಗೆ ಗೆರಟೆ ಹಾಕಿದ್ದೇ ನಾನಲ್ವಾ?”

“ಯಾವಾಗ?”

“ಯಾವಾಗ ಅಂದ್ರೆ? ಗಿಡಕ್ಕೆ ನೀರು ತೋಡಲಿಕ್ಕೆ ಅದರಲ್ಲೇ ಬಿಟ್ಟಿರ್ತಿದ್ದೆ. ಅದು ಬಾಯಿವರೆಗೆ ತೇಲಿ ಬಂದ್ರೆ ನೀರು ತುಂಬಿತು ಅಂತ ಲೆಕ್ಕ. ‘ಗೆರಟೆ ಮೇಲೆ ಬಂತು, ಬಕೆಟ್ ಖಾಲಿ ಮಾಡಿ’ ಅಂತ ಎಷ್ಟು ಸಲ ಕೂಗಿದ್ದೇನೆ ನಿಮಗೆ? ಆ ದಿನ ನಾನು ಅಣ್ಣನ ಮನೆಗೆ ಹೋಗಿದ್ದೆ, ಕೂಗುವವರು ಇರಲಿಲ್ಲ. ಅದಕ್ಕೇ ಕಾರ್ಪೆಟ್ ನೆನೆದದ್ದು. ನೀವು ನನ್ನ ಬದಲಿಗೆ ಒಂದು ಬೆಲ್ಲು ತಂದಿಟ್ರಿ, ಅಷ್ಟೆ.”

ನಾನು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ನನ್ನ ನೆನಪಿನಲ್ಲಿ ಗೆರಟೆ ಬಕೆಟ್ಟಿನ ಪಕ್ಕದಲ್ಲಿದೆ, ಒಣಗಿದೆ. ಅವಳ ನೆನಪಿನಲ್ಲಿ ಅದು ನೀರಿನಲ್ಲಿ ತೇಲುತ್ತಿದೆ. ನನ್ನದನ್ನು ನಾನು ನಂಬಬಹುದಿತ್ತು. ಆದರೆ ಅದು ತುಂಬ ಅಚ್ಚುಕಟ್ಟಾಗಿತ್ತು. ಥರ್ಮೋಕೋಲು, ಚೆಂಡು, ಗೆರಟೆ ಎಂಬ ಸಾಲು ಮಾಡಿಟ್ಟಂತಿತ್ತು. ಪಿಂಗ್‌ಪಾಂಗ್ ಚೆಂಡು ನಮ್ಮ ಮನೆಯಲ್ಲಿ ಇದ್ದದ್ದಾದರೂ ಯಾವಾಗ?

ಅಷ್ಟು ಹೊತ್ತಿಗೆ ಬಕೆಟ್ಟು ಬಾಗಿಲು ತೆಗೆಯಿರಿ ಎಂದಿತು. ಶಾಲಿನಿ ಕೈ ಒರೆಸಿಕೊಂಡು ಎದ್ದವಳು, ಹೋಗುವ ದಾರಿಯಲ್ಲಿ ಹಾಳೆಗೆ ಬಗ್ಗಿ ಸಹಿ ಹಾಕಿದಳು. ಎಲ್ಲಿ ಎಂದು ನೋಡಿದೆ. ಸಾಕ್ಷಿಯ ಗೆರೆಗೂ ಸಂಶೋಧಕನ ಗೆರೆಗೂ ನಡುವೆ, ಎರಡಕ್ಕೂ ಸೇರದ ಹಾಗೆ. ಬೇಕೆಂದೇ ಹಾಕಿದಳೋ, ಅವಸರದಲ್ಲಿ ಬಿತ್ತೋ ಹೇಳಲಾರೆ. ಅನಘಾ ಹಾಳೆಯನ್ನು ಒಮ್ಮೆ, ನಮ್ಮಿಬ್ಬರನ್ನು ಒಮ್ಮೆ ನೋಡಿ, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು.

ಶನಿವಾರ ಅವಳು ವೇದಿಕೆ ಹತ್ತಿದಳು. ತಂದೆತಾಯಿಗಳನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆ. ಒಳಗಿನಿಂದ ಮೈಕಿನ ಗೊರಗೊರ ಮಾತ್ರ ಕೇಳುತ್ತಿತ್ತು, ಆಮೇಲೆ ದೊಡ್ಡ ನಗು, ಆಮೇಲೆ ಚಪ್ಪಾಳೆ. ನಗು ಕೇಳಿ, ಹಿಂದಿ ಹೆಂಗಸಿನ ಭಾಗ ಬಂತು ಎಂದುಕೊಂಡೆ. ಚಪ್ಪಾಳೆ ಕೇಳಿ ಗೇಟಿನ ಕಾವಲುಗಾರನಿಗೆ, “ಮೇರಾ ಬೇಟಿ” ಎಂದೆ. ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಅಷ್ಟು ತಪ್ಪು ಹಿಂದಿಯನ್ನು ನಾನು ಮತ್ತೆ ಆಡಿಲ್ಲ.

ಚಾರ್ಟನ್ನು ಶಾಲೆಯವರೇ ಇಟ್ಟುಕೊಂಡರು. ಹೇಗಾಯಿತು ಎಂದು ಕೇಳಿದರೆ ಅನಘಾ, “ಇಟ್ ವಾಸ್ ಓಕೆ” ಎಂದಳು. ಕಂಡುಹಿಡಿದವರೆಂದು ನೀನು ಯಾರ ಹೆಸರು ಹೇಳಿದೆ ಎಂದು ಕೇಳಲು ಅಂದು ನನಗೆ ಧೈರ್ಯವಾಗಲಿಲ್ಲ. ಈಚೆಗೆ ಧೈರ್ಯ ಮಾಡಿ ಕೇಳಿದೆ, ಅವಳಿಗೆ ನೆನಪಿಲ್ಲ. ಬಕೆಟ್ಟು ನೀಲಿ ಅಲ್ಲ, ಕೆಂಪು ಎಂದಳು. ಆ ಮಂಜುಗಡ್ಡೆಯ ಪೆಟ್ಟಿಗೆಯ ಮನೆಯಲ್ಲಿ ತಟ್ಟೆಗೆ ಬೆಂಡು ಹಾಕಿದ್ದು ಯಾರು ಎಂಬುದು ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಬಕೆಟ್ಟಿಗೆ ಗೆರಟೆ ಹಾಕಿದ್ದು ಯಾರು ಎಂಬುದೂ ಗೊತ್ತಿಲ್ಲ. ಚಪ್ಪಾಳೆ ಬಿದ್ದದ್ದು ಯಾರ ಹೆಸರಿಗೆ ಎಂಬುದಂತೂ ಖಂಡಿತ ಗೊತ್ತಿಲ್ಲ.