ತಪ್ಪು ಹೇಳುವ ಮಾಸ್ತರ

ಇಳಕಲ್ಲಿನ ನೇಕಾರರ ಓಣಿಯ ಸಾಲಿಗೆ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂದ ವರ್ಷ ಸೋಮಲಿಂಗ ಮಾಸ್ತರರ ಮರ್ಯಾದೆ ಹೋಯಿತು. ಕಳೆದವರು ಬೇರೆ ಯಾರೂ ಅಲ್ಲ, ಅವರ ಜೋಡಿ ಪಾಠ ಮಾಡುತ್ತಿದ್ದ ಅಫ್ಸಾನಾ ಅಕ್ಕೋರು.

"ಸರ, ನಾ ಖರೆ ಹೇಳ್ತೇನಿ, ನೀವು ತಪ್ಪು ಹೇಳ್ರಿ. ನಿಮ್ಮನ್ನ ತಿದ್ದಾಕರ ಹುಡುಗ್ರು ಬಾಯಿ ಬಿಡ್ತಾವ" ಅಂದಿದ್ದರು ಅಕ್ಕೋರು.

ಹುಡುಗರು ಬಾಯಿ ಬಿಟ್ಟವು, ಓಣಿಯೂ ಬಿಟ್ಟಿತು. ಆಡಿನ ಚಿತ್ರ ಹಿಡಿದು ಹುಲಿ ಅನ್ನುವ ಮಾಸ್ತರರ ಸುದ್ದಿ ಮಗ್ಗದಿಂದ ಮಗ್ಗಕ್ಕೆ ಹಬ್ಬಿತು. ಶಿಕ್ಷಣ ಇಲಾಖೆಯ ಸಾಹೇಬರು ಸಾಲಿ ತಪಾಸಣೆಗೆ ಬರುವ ದಿನ ಮುಂಜಾನೆಯೂ ಸಾಲಿಯ ದಾರಿಯಲ್ಲಿ ಸೀರೆ ನೇಯುವ ಮುತ್ತವ್ವ ಕಾಲು ಇಳಿಬಿಟ್ಟು ಕೂತ ಮಗ್ಗದ ಕುಣಿಯೊಳಗಿಂದಲೇ ಕೇಳಿದಳು.

"ಏನ್ರಿ ಮಾಸ್ತರ, ಇವತ್ತು ಸಾಹೇಬರಿಗೆ ಏನಂತೀರಿ, ಎಮ್ಮಿ ಅಂತೀರೇನು?"

ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಇವತ್ತು ಒಂದೂ ತಪ್ಪಿಲ್ಲದೆ ಮಾತಾಡಿ ಹೋದ ಮಾನ ತಿರುಗಿ ತರುತ್ತೇನೆ ಎಂದು ನಿಶ್ಚಯಿಸಿಬಿಟ್ಟರು. ಪಾಪ, ಅಕ್ಕೋರಿಗೆ ಹೇಳಲೇ ಇಲ್ಲ.

ಬಾಗಲಕೋಟೆಯಿಂದ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ತರರು ಆಡಿನ ಚಿತ್ರ ಎತ್ತಿ, ಗಂಟಲು ಸರಿಮಾಡಿಕೊಂಡು, "ದಿಸ್ ಈಸ್ ಎ ಗೋಟ್" ಅಂದರು.

ವರ್ಗ ಗಪ್ಪಾಯಿತು. ಛತ್ರಿ ತೋರಿಸಿ ಛತ್ರಿ ಅಂದರು. ಆಗಲೂ ಯಾರೂ ತುಟಿ ಬಿಚ್ಚಲಿಲ್ಲ. ಮುಂದೆ ಕೂತಿದ್ದ ಮಲಿಕಾ ಅಕ್ಕೋರ ಸೆರಗು ಜಗ್ಗಿ, "ಅಕ್ಕೋರ, ಸರಗ ಆರಾಮಿಲ್ಲೇನ್ರಿ?" ಎಂದು ಪಿಸುಗುಟ್ಟಿದಳು.

"ಮಕ್ಕಳು ಮಾತೇ ಆಡೂದಿಲ್ಲಲ್ರಿ" ಅಂದರು ಸಾಹೇಬರು. "ಹಿಂಗಾದ್ರ ಒಂದು ವರ್ಗಕ್ಕ ಇಬ್ಬರು ಯಾಕ? ಅಕ್ಕೋರನ್ನ ಬ್ಯಾರೆ ಕಡೆ ಹಾಕೋಣ."

ಅಕ್ಕೋರ ಮುಖ ಸಣ್ಣದಾಯಿತು. ಮಲಿಕಾ ತಲೆ ತಗ್ಗಿಸಿದಳು. ಸಾಲಿಗೆ ಸೇರಿದಾಗ ತನ್ನ ಹೆಸರು ಹೇಳಲಿಕ್ಕೂ ಅಳುತ್ತಿದ್ದ ಕೂಸು ಅದು. ಹಾಳಾಗಿ ಹೋಗಲಿ ಮಾನ ಅಂದುಕೊಂಡು ಮಾಸ್ತರರು ಆಡಿನ ಚಿತ್ರವನ್ನು ಮತ್ತೆ ಎತ್ತಿದರು.

"ಸಾರಿ. ದಿಸ್ ಈಸ್ ಎ ಟೈಗರ್."

"ನೋ ಸರ್" ಮಲಿಕಾ ಎದ್ದೇಬಿಟ್ಟಳು. "ದಿಸ್ ಈಸ್ ಎ ಗೋಟ್. ಟೈಗರ್ ಈಸ್ ವೆರಿ ಬಿಗ್."

ಮಾಸ್ತರರು ಸಾಹೇಬರ ಚೀಲ ತೋರಿಸಿ ಆನೆ ಅಂದರು, ಕಿಟಕಿ ತೋರಿಸಿ ರೊಟ್ಟಿ ಅಂದರು. ಇಡೀ ವರ್ಗ ತಿದ್ದಲು ಮುಗಿಬಿದ್ದಿತು. ಬಸು ಎಂಬ ಪುಟ್ಟ ಹುಡುಗ ಹತ್ತಿರ ಬಂದು ಮಾಸ್ತರರ ಕೈ ಹಿಡಿದು, "ಸರ್, ಪ್ಲೀಸ್ ಸಿಟ್. ಐ ವಿಲ್ ಟೀಚ್ ಯೂ" ಎಂದು ಕುರ್ಚಿಗೆ ಕೂರಿಸಿದ. ಸಾಹೇಬರು ಕಣ್ಣೊರೆಸಿಕೊಂಡು ನಕ್ಕರು.

"ಇದು ಎಲ್ಲಾ ಸಾಲ್ಯಾಗೂ ಆಗಬೇಕ್ರಿ" ಅಂದರು. "ಅಕ್ಕೋರು ಇಲ್ಲೇ ಇರಲಿ. ಅವರಂಗ ಖರೆ ಹೇಳಾವ್ರು ಎಲ್ಲಾ ಕಡೆ ಸಿಗ್ತಾರ, ನಿಮ್ಮಂಗ ತಪ್ಪು ಹೇಳಾವ್ರು ಸಿಗೂದಿಲ್ಲ. ಸೋಮವಾರದಿಂದ ನೀವು ಹುನಗುಂದ ತಾಲೂಕಿನ ಸಾಲಿ ಸಾಲಿಗೂ ಹೋಗಿ ಹಿಂಗ ತಪ್ಪು ಹೇಳ್ರಿ."

ಮಾಸ್ತರರು ಬಾಗಿಲ ತನಕ ಬೆನ್ನು ಹತ್ತಿ ಮೆಲ್ಲಗೆ ಅಂದರು, "ಸಾಹೇಬ್ರ, ಖರೆ ಅಂದ್ರ ನನಗ ಇಂಗ್ಲಿಷ್ ಬರ್ತೈತ್ರಿ."

ಸಾಹೇಬರು ಅತ್ತಿತ್ತ ನೋಡಿ ಅವರ ಹೆಗಲ ಮೇಲೆ ಕೈ ಇಟ್ಟರು.

"ಗೊತ್ತಾತ್ರಿ. ಆದ್ರ ಅದನ್ನ ಯಾರ ಮುಂದೂ ಹೇಳಬ್ಯಾಡ್ರಿ."