ಬೈರೇಶ್ ಬರೆದ ಐದು ಜನರ ಗ್ಯಾಂಗ್

ಬೈರೇಶನಿಗೆ ಆ ಮಂಗಳವಾರ ಕಷ್ಟ ಬಂದದ್ದು ಒಂದು ಸೊನ್ನೆಯಿಂದ.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಪೊಲೀಸ್ ಠಾಣೆಯಲ್ಲಿ ಅವನು ರೈಟರ್. ಕಳ್ಳರನ್ನು ಹಿಡಿಯುವ ಕೆಲಸ ಬೇರೆಯವರದು. ಹಿಡಿದದ್ದನ್ನು ಬರೆದಿಡುವುದು ಅವನದು. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಹಚ್ಚಿದರೆ ದಿಲ್ಲಿಯಿಂದ ಹೊರಟ ಒಂದು ಆದೇಶ ಕಾದು ಕೂತಿತ್ತು. ದೇಶದಲ್ಲಿ ಸಂಘಟಿತ ಅಪರಾಧ ಎಷ್ಟಿದೆ ಎಂದು ಅಳೆಯುತ್ತಿದ್ದಾರಂತೆ. ಪ್ರತಿಯೊಂದು ಠಾಣೆಯೂ ಸಂಜೆ ಐದರೊಳಗೆ ಫಾರಂ ತುಂಬಬೇಕು, ತುಂಬದವರು ಖುದ್ದಾಗಿ ಬಂದು ಕಾರಣ ಹೇಳಬೇಕು. ಎಲ್ಲಿಗೆ ಬರಬೇಕು ಎಂದು ಬರೆದಿರಲಿಲ್ಲ. ದಿಲ್ಲಿಗೇ ಇರಬೇಕು ಎಂದುಕೊಂಡ ಬೈರೇಶ್ ಬೇರೆ ಕಡತಗಳನ್ನೆಲ್ಲ ಪಕ್ಕಕ್ಕೆ ಸರಿಸಿದ.

ಮೊದಲ ಪ್ರಶ್ನೆ, ಸರಹದ್ದಿನಲ್ಲಿರುವ ಗ್ಯಾಂಗುಗಳ ಸಂಖ್ಯೆ. ಅವನು ಪ್ರಾಮಾಣಿಕವಾಗಿ ಸೊನ್ನೆ ಒತ್ತಿದ. ಕಂಪ್ಯೂಟರ್ ಕೆಂಪಗಾಗಿ, ಸರಿಯಾದ ಸಂಖ್ಯೆ ಹಾಕಿ ಎಂದಿತು.

ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗದ ಸಹನಾಗೆ ಫೋನ್ ಮಾಡಿದರೆ, ಸೊನ್ನೆ ಹಾಕಿದರೆ ಮುಂದಕ್ಕೆ ಹೋಗುವುದಿಲ್ಲ, ಅದನ್ನು ತಿದ್ದುವ ಅಧಿಕಾರ ನಮಗಿಲ್ಲ ಎಂದಳು. ಕೋಲಾರದಲ್ಲಿ ಬಂದೋಬಸ್ತಿಗೆ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಸುಧಾಕರ್‌ಗೆ ಸಿಟ್ಟೇ ಬಂತು. "ಒಂದು ಅಂತ ಹಾಕಿ ಮುಗ್ಸಯ್ಯ, ಇದಕ್ಕೂ ನಾನೇ ಬರ್ಬೇಕಾ," ಎಂದು ಫೋನ್ ಇಟ್ಟರು.

ಬೈರೇಶ್ ಒಂದು ಎಂದು ಒತ್ತಿದ. ಸಂತೆಯಲ್ಲಿ ಗಂಟು ಬಿಚ್ಚಿದ ಸೀರೆ ವ್ಯಾಪಾರಿಯ ಹಾಗೆ ಫಾರಂ ಒಂದರ ಮೇಲೊಂದು ಪ್ರಶ್ನೆ ಹಾಸತೊಡಗಿತು. ಗ್ಯಾಂಗಿನಲ್ಲಿ ಯಾರ್ಯಾರಿದ್ದಾರೆ? ಕನಿಷ್ಠ ಐದು ಹೆಸರು ಬೇಕು, ಆಧಾರ್ ನಂಬರ್ ಸಮೇತ.

ಅಷ್ಟರಲ್ಲಿ ಸುದ್ದಿ ಠಾಣೆ ದಾಟಿತ್ತು. ಎದುರಿಗೆ ಟೀ ಅಂಗಡಿ ಇಟ್ಟಿರುವ ಮುನಿನಾರಾಯಣಮ್ಮ ಲೋಟ ಹಿಡಿದು ಒಳಗೆ ಬಂದು, ಬದುವಿನ ಜಗಳದಲ್ಲಿರುವ ತನ್ನ ಮೈದುನನ ಮನೆಯ ಐದೂ ಜನರ ಹೆಸರನ್ನು ನಿಧಾನವಾಗಿ, ತಪ್ಪಿಲ್ಲದಂತೆ ಹೇಳಿಕೊಟ್ಟಳು. ರಾಬರ್ಟ್‌ಸನ್‌ಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುವ ಹಿರಿಯ ಪೇದೆ ಕುಪ್ಪುಸ್ವಾಮಿಗೆ ಹಳೆಯ ಕೋಳಿ ಕಳ್ಳ ವೆಂಕಟಸ್ವಾಮಿ ನೆನಪಾದ. ಕರೆಸಿದರು. ಕಳ್ಳತನ ಬಿಟ್ಟು ಹನ್ನೆರಡು ವರ್ಷವಾಗಿ, ಈಗ ಡೇರಿಗೆ ಹಾಲು ಹಾಕುವ ವೆಂಕಟಸ್ವಾಮಿ ಇಸ್ತ್ರಿ ಅಂಗಿ ತೊಟ್ಟು ಬಂದು, ವಿಷಯ ಕೇಳಿ ನೊಂದುಕೊಂಡ.

"ನಾನು ಒಬ್ನೇ ಓಗ್ತಿದ್ದೆ ಸಾಮಿ. ಗ್ಯಾಂಗ್ ಕಟ್ಟಿದ್ರೆ ಒಂದು ಕೋಳೀನ ಐದು ಪಾಲು ಮಾಡ್ಬೇಕಾಯ್ತದೆ."

ಬೈರೇಶನಿಗೂ ಬದುಕಿರುವವರ ಹೆಸರು ಬರೆಯಲು ಕೈ ಬರಲಿಲ್ಲ. ದಿಲ್ಲಿಯವರು ಜೀಪು ತಂದು ಎತ್ತಿಕೊಂಡು ಹೋದರೆ ಅವರ ಹೆಂಡತಿ ಮಕ್ಕಳು ಬಂದು ನಿಲ್ಲುವುದು ತನ್ನ ಮುಂದೆಯೇ. ಗಂಟೆ ನಾಲ್ಕಾಯಿತು.

ಕುಪ್ಪುಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡ. "ಸತ್ತೋರ ಹೆಸರು ಹಾಕು ತಂಬಿ. ಅವ್ರನ್ನ ಯಾರು ಬಂದು ಹಿಡೀತಾರೆ?"

ಬೈರೇಶನಿಗೆ ಹೋದ ಜೀವ ಬಂದಂತಾಯಿತು. ಅಸಹಜ ಸಾವುಗಳ ರಿಜಿಸ್ಟರ್ ಅವನ ಕಪಾಟಿನಲ್ಲೇ ಇತ್ತು. ಕಡತದಲ್ಲಿ ಆಧಾರ್ ಪ್ರತಿ ಇದ್ದದ್ದು ಸರಿಯಾಗಿ ಐದೇ ಜನರದು. ಬಾವಿಗೆ ಬಿದ್ದವನು, ಹಾವು ಕಚ್ಚಿದವನು, ತೆಂಗಿನ ಮರದಿಂದ ಜಾರಿದವನು, ಸಿಡಿಲು ಬಡಿದವನು, ಪಂಪ್‌ಸೆಟ್ಟಿನ ಕರೆಂಟು ಹೊಡೆದವನು. ಒಬ್ಬೊಬ್ಬನ ಹೆಸರು ಒತ್ತುವಾಗಲೂ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಆ ಪ್ರತಿಗಳನ್ನು ನೋಡಿ ನಂಬರ್ ತುಂಬಿದ. ಐದಕ್ಕೆ ಎಂಟು ನಿಮಿಷ ಇರುವಾಗ ಫಾರಂ ಹಸಿರಾಗಿ, ಸ್ವೀಕರಿಸಲಾಗಿದೆ ಎಂದಿತು. ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕದವನು ಒಟ್ಟಿಗೆ ಎರಡು ಟೀ ಕುಡಿದ.

ಐದೂ ಇಪ್ಪತ್ತಕ್ಕೆ ಫೋನ್ ಬಂತು. ದಿಲ್ಲಿಯಿಂದ ವಿಜಯಕುಮಾರ್ ಎಂಬ ಅಧಿಕಾರಿ, ಕನ್ನಡದವರೇ. ದನಿ ಕೇಳುತ್ತಿದ್ದಂತೆ ಬೈರೇಶ್ ಎದ್ದು ನಿಂತ.

"ನಿಮ್ಮ ಫಾರಂ ನೋಡಿದೆ ಬೈರೇಶ್. ಆ ಐದು ಜನರ ಹೆಸರಲ್ಲಿ ಸಿಮ್ ಕಾರ್ಡ್ ಓಡ್ತಾ ಇವೆ. ಅದರಿಂದ ಫೋನ್ ಮಾಡಿ ಆರು ರಾಜ್ಯದ ಜನಕ್ಕೆ ಮೋಸ ಮಾಡಿದಾರೆ. ಒಂದು ವರ್ಷದಿಂದ ಹುಡುಕ್ತಾ ಇದೀವಿ."

ಬೈರೇಶ್ ರಿಜಿಸ್ಟರನ್ನು ಹತ್ತಿರಕ್ಕೆ ಎಳೆದುಕೊಂಡ. "ಸಾರ್, ಅವ್ರೆಲ್ಲಾ ಸತ್ತೋಗವ್ರೆ ಸಾರ್."

"ಅದು ನಮಗೆ ಗೊತ್ತಾಗಿದ್ದು ನಿನ್ನೆ. ಹೊರಗೆ ಯಾರಿಗೂ ಹೇಳಿಲ್ಲ." ಆ ಕಡೆ ಹಾಳೆ ತಿರುವಿದ ಸದ್ದಾಯಿತು. "ಆ ಐದು ಜನ ಬೇರೆ ಬೇರೆ ಊರೋರು. ಒಬ್ಬರಿಗೊಬ್ಬರು ಮುಖ ನೋಡಿದೋರಲ್ಲ. ಅವರ ಆಧಾರ್ ಪ್ರತಿ ಎಲ್ಲಾ ಒಂದೇ ಕಡೆ ಸಿಗೋದು ಎಲ್ಲಿ ಹೇಳಿ?"

ಬೈರೇಶ್ ತನ್ನ ಮೇಜನ್ನೇ ನೋಡಿದ. ಐದೂ ಪ್ರತಿಗಳು ಟೀ ಲೋಟದ ಕೆಳಗೆ ಸಾಲಾಗಿ ಬಿದ್ದಿದ್ದವು. ಸಹಾಯಕ್ಕೆಂದು ತಿರುಗಿದರೆ ಕುಪ್ಪುಸ್ವಾಮಿಯ ಕುರ್ಚಿ ಖಾಲಿ. ಐದೂ ಕಾಲಿನ ಬಸ್ಸು ಅವನನ್ನು ಹತ್ತಿಸಿಕೊಂಡು ಹೋಗಿತ್ತು.

"ಬೆಳಿಗ್ಗೆ ಎಂಟಕ್ಕೆ ನಮ್ಮ ಟೀಂ ಅಲ್ಲಿರುತ್ತೆ. ಠಾಣೆ ಬಿಟ್ಟು ಎಲ್ಲೂ ಹೋಗ್ಬೇಡಿ," ಎಂದರು ವಿಜಯಕುಮಾರ್. "ಫಾರಂನಲ್ಲಿ ಗ್ಯಾಂಗ್ ಲೀಡರ್ ಹೆಸರು ಒಂದು ಖಾಲಿ ಬಿಟ್ಟಿದೀರಿ. ಪರವಾಗಿಲ್ಲ, ಅದನ್ನ ನಾವೇ ತುಂಬ್ಕೊಂಡ್ವಿ."